ಜೀವಕೋಶದ ಬಾಗಿಲು

ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಅಯಾನುಗಳು ಸಾಗಲು ಪ್ರೋಟೀನಿನ ಕಾಲುವೆಗಳುಂಟು. ಬ್ಯಾಕ್ಟೀರಿಯವೊಂದರ ಇಂತಹ ಕಾಲುವೆಯ ರಚನೆಯನ್ನು ಅಮೆರಿಕದ ರಾಡರಿಕ್ ಮೆಕಿನನ್ ಮತ್ತು ಸಂಗಡಿಗರು 1998ರಲ್ಲಿ ಕ್ಷ-ಕಿರಣಗಳ ನೆರವಿನಿಂದ ತಿಳಿಯಪಡಿಸಿದರು. ಮೆಕಿನನ್ನರಿಗೆ 2003ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಒಂದೇ ಬಗೆಯ ನಾಲ್ಕು ಘಟಕಗಳು ಸುತ್ತುವರಿದು ನಡುವೆ ದಾರಿ ಬಿಟ್ಟಿವೆ. ಹೊರತುದಿಯ ಇಕ್ಕಟ್ಟಿನಲ್ಲಿ ಆಮ್ಲಜನಕದ ಪರಮಾಣುಗಳು ಸಾಲುಗಟ್ಟಿವೆ. ನೀರಿನ ಕವಚ ಕಳಚಿದ ಪೊಟ್ಯಾಸಿಯಂ ಅಲ್ಲಿ ಸರಿಯಾಗಿ ಹೊಂದಿಕೊಳ್ಳುತ್ತದೆ. ಕಿರಿದಾದ ಸೋಡಿಯಂಗೆ ಆ ಆಸರೆ ಸಿಗದು. ಒಳತುದಿಯಲ್ಲಿ ನಾಲ್ಕು ಸುರುಳಿಕಂಬಗಳು ಒಂದಕ್ಕೊಂದು ಅಡ್ಡಹಾಯ್ದು ದಾರಿಯನ್ನು ಮುಚ್ಚಿರುತ್ತವೆ. ಕಾಲುವೆಯ ಬಗೆಗೆ ತಕ್ಕಂತೆ ಆಮ್ಲತೆಯೋ ಕ್ಯಾಲ್ಸಿಯಮೋ ವಿದ್ಯುದ್ವಿಭವವೋ ಪ್ರೇರಿಸಿದಾಗ ಅವು ಬಾಗಿ ದೂರ ಸರಿಯುತ್ತವೆ, ಬಾಗಿಲು ತೆರೆಯುತ್ತದೆ.

ಹೃದಯದ ಲಯಕ್ಕೂ ಇಂತಹ ಬಾಗಿಲುಗಳು ಬೇಕು. ಆನುವಂಶಿಕ ದೋಷದಿಂದಲೋ ಕೆಲವು ಔಷಧಿಗಳಿಂದಲೋ ಅವು ಕೆಟ್ಟರೆ ಮಿಡಿತ ಹಠಾತ್ತನೆ ನಿಲ್ಲಬಹುದು. ಕಣ್ಣಿಗೆ ಕಾಣದ ಬಾಗಿಲು ಪ್ರಾಣವನ್ನೇ ಕಾಯುತ್ತಿದೆ.