ಎಳೆಯರಿಗೆ ತಪಸ್ಸುಕಾಲದ ಪಾಠ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮಕ್ಕಳಿಗೆ ಉಪವಾಸ ಹೊಸ ಮಾತಲ್ಲ. ಶಿವರಾತ್ರಿಗೆ ಅವ್ವ ಒಪ್ಪತ್ತು ಮಾಡುತ್ತಾಳೆ. ರಂಜಾನ್ ತಿಂಗಳಲ್ಲಿ ಪಕ್ಕದ ಮನೆಯವರು ರೋಜಾ ಇರುತ್ತಾರೆ. ಕ್ಯಾಥೊಲಿಕ್ ಕ್ರೈಸ್ತರ ಮನೆಗಳಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚೆ ತಪಸ್ಸುಕಾಲ ಬರುತ್ತದೆ. 2025ರಲ್ಲಂತೂ ಮೂರೂ ಒಂದರ ಬೆನ್ನಿಗೆ ಒಂದು ಬಂದವು. ಫೆಬ್ರುವರಿ 26ರಂದು ಶಿವರಾತ್ರಿ, ಮಾರ್ಚ್ 2ರಂದು ರಂಜಾನ್ ಉಪವಾಸದ ಆರಂಭ, ಮಾರ್ಚ್ 5ರಂದು ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ. ಒಂದೇ ಬೆಂಚಿನಲ್ಲಿ ಕೂರುವ ಮೂವರು ಗೆಳೆಯರ ಮನೆಗಳಲ್ಲಿ ಎಂಟು ದಿನಗಳೊಳಗೆ ಮೂರು ಬಗೆಯ ಉಪವಾಸ!

ಇಂಥ ದಿನಗಳಲ್ಲಿ ಒಂದನೆಯ, ಎರಡನೆಯ ತರಗತಿಯ ಮಗುವಿನ ಪ್ರಶ್ನೆ ಸರಳವಾಗಿರುತ್ತದೆ: 'ಟೀಚರ್, ನಾನೂ ಉಣ್ಣದ ಇರಬೇಕೇನ್ರಿ?' ಉತ್ತರ ಮಾತ್ರ ಅಷ್ಟು ಸರಳವಲ್ಲ. 'ಹೌದು' ಎಂದರೆ ಎಳೆಯ ದೇಹಕ್ಕೆ ಬಿಸಿಲುಗಾಲದ ಶಿಕ್ಷೆ. 'ನಿನಗ್ಯಾಕೆ ಅದೆಲ್ಲ' ಎಂದರೆ ಅರಿಯುವ ಆಸೆಗೇ ತಣ್ಣೀರು.

ನಿಯಮ ಏನು?

ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆ 1983ರಲ್ಲಿ ಪರಿಷ್ಕೃತವಾಯಿತು. ಅದರ 1252ನೆಯ ನಿಯಮದಂತೆ ಮಾಂಸಾಹಾರ ವರ್ಜನೆ 14 ವರ್ಷ ತುಂಬಿದವರಿಗೆ ಮಾತ್ರ ಕಡ್ಡಾಯ. ಉಪವಾಸದ ಕಟ್ಟಳೆ 18 ತುಂಬಿದವರಿಗೆ, ಅದೂ 59 ತುಂಬುವವರೆಗೆ. ಕಡ್ಡಾಯ ಉಪವಾಸದ ದಿನಗಳು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ. ಆ ದಿನ ಒಂದು ಹೊತ್ತು ಪೂರ್ತಿ ಊಟ, ಉಳಿದಂತೆ ಅಲ್ಪಾಹಾರ ಎಂಬುದು ರೂಢಿ. ನಮ್ಮ ಹಿರಿಯರ ಒಪ್ಪತ್ತಿನಿಂದ ಬಹಳ ದೂರದ್ದೇನಲ್ಲ.

ಅಂದರೆ ಪ್ರಾಥಮಿಕ ಶಾಲೆಯ ಯಾವ ಮಗುವಿಗೂ ಉಪವಾಸ ಕಡ್ಡಾಯವಲ್ಲ. ಆದರೆ ಅದೇ ನಿಯಮ ಇನ್ನೊಂದು ಮಾತನ್ನೂ ಸೇರಿಸುತ್ತದೆ. ವಯಸ್ಸಿನ ಕಾರಣದಿಂದ ವಿನಾಯಿತಿ ಪಡೆದ ಮಕ್ಕಳಿಗೂ ತಪಸ್ಸಿನ ನಿಜವಾದ ಅರ್ಥ ತಿಳಿಯುವಂತೆ ಗುರುಗಳೂ ತಂದೆತಾಯಿಗಳೂ ನೋಡಿಕೊಳ್ಳಬೇಕು. ಹೊಟ್ಟೆಗೆ ವಿನಾಯಿತಿ ಉಂಟು, ಅರಿವಿಗೆ ಇಲ್ಲ. ಎಳೆಯರ ಪಾಠಕ್ಕೆ ಬುನಾದಿ ಇದೇ.

ಲೆಕ್ಕದಿಂದ ಆರಂಭ

ಚಿಕ್ಕ ಮಕ್ಕಳಿಗೆ ಉಪದೇಶಕ್ಕಿಂತ ಎಣಿಕೆ ಹಿಡಿಸುತ್ತದೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ 46 ದಿನ. ಭಾನುವಾರ ಯೇಸುವಿನ ಪುನರುತ್ಥಾನದ ದಿನವಾದ್ದರಿಂದ ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು 40. ಯೇಸು ಮರುಭೂಮಿಯಲ್ಲಿ ಉಪವಾಸ ಪ್ರಾರ್ಥನೆಗಳಲ್ಲಿ ಕಳೆದ 40 ದಿನಗಳ ನೆನಪಿಗೆ ಈ ಲೆಕ್ಕ. ಕ್ರಿ.ಶ. 325ರ ನೈಸಿಯಾ ಮಹಾಸಭೆಯ ನಿರ್ಣಯದಲ್ಲೇ ಈ ನಲವತ್ತು ದಿನಗಳ ಕಾಲದ ಪ್ರಸ್ತಾಪವಿದೆ. ಕ್ಯಾಲೆಂಡರನ್ನು ಮುಂದಿಟ್ಟು ದಿನಕ್ಕೊಂದು ಚೌಕಕ್ಕೆ ನೇರಳೆ ಬಣ್ಣ ತುಂಬಿಸಿದರೆ ಐದು ವರ್ಷದ ಮಗುವಿಗೂ ಕಾಲದ ನಡೆ ತಿಳಿಯುತ್ತದೆ. ಚರ್ಚಿನಲ್ಲಿ ಗುರುಗಳು ಈ ಕಾಲದಲ್ಲಿ ತೊಡುವ ಬಣ್ಣವೂ ಅದೇ.

ಹಣೆಯ ಬೂದಿಯೂ ಒಳ್ಳೆಯ ಪಾಠ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಮಂತ್ರಿಸಿದ ಗರಿಗಳನ್ನು ಸುಟ್ಟು ಈ ಬೂದಿ ಮಾಡುವುದು ವಾಡಿಕೆ. ವಿಭೂತಿಯನ್ನು ದಿನವೂ ಕಾಣುವ ಈ ನೆಲದ ಮಗು 'ಇದೂ ಅದೂ ಒಂದೇನಾ?' ಎಂದು ಕೇಳಬಹುದು. ಒಂದೇ ಎಂದು ತೇಲಿಸಬೇಕಾಗಿಲ್ಲ, ಸಂಬಂಧವೇ ಇಲ್ಲವೆಂದು ಗದರಿಸಲೂಬೇಕಾಗಿಲ್ಲ. ಕ್ರೈಸ್ತರಿಗೆ ಇದು ಮನುಷ್ಯ ಮಣ್ಣಿನವನೆಂಬುದರ ನೆನಪು, ತಪ್ಪಿಗೆ ಪಶ್ಚಾತ್ತಾಪದ ಗುರುತು. ವಿಭೂತಿಯ ಅರ್ಥವನ್ನು ವಿಭೂತಿ ಧರಿಸುವ ಮನೆಯ ಮಗುವೇ ತರಗತಿಗೆ ಹೇಳಲಿ. ಇಬ್ಬರಿಗೂ ಲಾಭ.

ಪ್ರಾರ್ಥನೆ ಕಂಠಪಾಠವೇ?

ಬೂದಿ ಬುಧವಾರ ಚರ್ಚಿನಲ್ಲಿ ಓದುವುದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದ ಭಾಗ. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಜನ ನೋಡಲೆಂದು ಮಾಡಬೇಡಿ ಎಂಬುದು ಅದರ ತಿರುಳು. ಹಾಗಿದ್ದ ಮೇಲೆ ಯಾರು ಹೆಚ್ಚು ಜಪ ಹೇಳಿದರೆಂದು ತರಗತಿಯಲ್ಲಿ ಸ್ಪರ್ಧೆ ಹೂಡುವುದು, ಚಾಕಲೇಟು ಬಿಟ್ಟವರ ಹೆಸರನ್ನು ಫಲಕದ ಮೇಲೆ ಬರೆಯುವುದು ಪಾಠದ ಬೇರನ್ನೇ ಕಡಿದಂತೆ.

1973ರಲ್ಲಿ ವ್ಯಾಟಿಕನ್ ಹೊರಡಿಸಿದ ಮಕ್ಕಳ ಬಲಿಪೂಜೆಯ ಮಾರ್ಗದರ್ಶಿ ಒಂದು ಮಹತ್ವದ ಸಂಗತಿಯನ್ನು ಗುರುತಿಸಿದೆ. ಮಕ್ಕಳೂ ಮೌನವಾಗಿ ಯೋಚಿಸಬಲ್ಲರು. ಆದ್ದರಿಂದ ಮೊದಲು ಒಂದು ನಿಮಿಷ ಸುಮ್ಮನೆ ಕೂರುವುದು. ಬಳಿಕ ಮೂರು ಚಿಕ್ಕ ಮಾತು. ದೊರೆತದ್ದಕ್ಕೆ ಕೃತಜ್ಞತೆ, ಮಾಡಿದ ತಪ್ಪಿಗೆ ಕ್ಷಮೆ, ಇನ್ನೊಬ್ಬರಿಗಾಗಿ ಬೇಡಿಕೆ. ಏಳು ವರ್ಷದ ಸುಮಾರಿಗೆ, ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವಾಗ, ಚರ್ಚಿನ ಸಾಂಪ್ರದಾಯಿಕ ಪ್ರಾರ್ಥನೆಗಳನ್ನು ಅರ್ಥಸಹಿತ ಕಲಿಸಬಹುದು. ಶಿಲುಬೆ ಹಾದಿಯ 14 ಸ್ಥಳಗಳನ್ನೂ ಒಂದೇ ಸಂಜೆ ಮುಗಿಸುವ ಹಟ ಬೇಡ. ದಿನಕ್ಕೊಂದು ಚಿತ್ರ, ಒಂದು ಪ್ರಶ್ನೆ ಸಾಕು.

ತಪಸ್ಸುಕಾಲ ಹೆಚ್ಚಾಗಿ ಪರೀಕ್ಷೆಯ ಹಂಗಾಮಿನಲ್ಲೇ ಬರುತ್ತದೆ. 'ನೂರಕ್ಕೆ ನೂರು ಕೊಟ್ಟರೆ ಇಷ್ಟು ಜಪ ಹೇಳುತ್ತೇನೆ' ಎಂದು ಮಗು ದೇವರೊಡನೆ ವ್ಯಾಪಾರಕ್ಕೆ ಇಳಿಯುವುದೂ ಆಗಲೇ. ಪ್ರಾರ್ಥನೆ ಓದಿಗೆ ಬದಲಿಯಲ್ಲ ಎಂದು ಮೆತ್ತಗೆ ತಿಳಿಸಲು ಇದೇ ಸಮಯ.

ದಾನದ ಪಾಠಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿ ಬರುವುದನ್ನು ಮಕ್ಕಳು ಬಲ್ಲರು. ತಾನು ತಿನ್ನಬಹುದಾಗಿದ್ದುದನ್ನು ಬಿಟ್ಟು, ಉಳಿದ ಕಾಸನ್ನು ಡಬ್ಬಿಯಲ್ಲಿ ಕೂಡಿಟ್ಟು ಹಸಿದವರಿಗೆ ಕೊಡುವುದೇ ತಪಸ್ಸುಕಾಲದ ಉಪವಾಸದ ಗುರಿ ಎಂದರೆ ಮಗುವಿಗೆ ತಟ್ಟನೆ ಅರ್ಥವಾಗುತ್ತದೆ.

ಪಾಲಕರ ಒಪ್ಪಿಗೆ

1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರದ ವ್ಯಾಪ್ತಿಗೆ ಕೊಪ್ಪಳ ಜಿಲ್ಲೆ ಸೇರುತ್ತದೆ. ಕುಷ್ಟಗಿಗೆ ನೆರೆಯ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ಯಾಥೊಲಿಕ್ ಸಮುದಾಯ ಬಾಳಿಕೊಂಡು ಬಂದಿದೆ. ಆದರೂ 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಹೀಗಾಗಿ ಇಂಥ ಕಡೆಯ ಕ್ಯಾಥೊಲಿಕ್ ಶಾಲೆಯ ಅಂಗಳದಲ್ಲಿ ಬೇರೆ ಬೇರೆ ಧರ್ಮಗಳ ಮಕ್ಕಳು ಒಟ್ಟಿಗೆ ಆಡುತ್ತಾರೆ. ಒಬ್ಬ ಪಾಲಕರಿಗೆ 'ನಮ್ಮ ಮಗುವಿಗೆ ಬೇರೆ ಧರ್ಮ ಕಲಿಸುತ್ತಾರೇನೋ' ಎಂಬ ಅಳುಕು. ಇನ್ನೊಬ್ಬರಿಗೆ 'ನಮ್ಮ ಧರ್ಮವೇ ನಮ್ಮ ಮಗುವಿಗೆ ತಿಳಿಯದೆ ಹೋದೀತೇನೋ' ಎಂಬ ಕಳವಳ.

ಎರಡಕ್ಕೂ ಸಂವಿಧಾನದಲ್ಲಿ ಉತ್ತರವಿದೆ. ಅಲ್ಪಸಂಖ್ಯಾತರು ಶಾಲೆ ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ವಿಧಿ ಕೊಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಬಾಲಕ ಬಾಲಕಿಯನ್ನೂ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಹಾಜರಾಗಲೇಬೇಕೆಂದು ಒತ್ತಾಯಿಸುವಂತಿಲ್ಲ ಎನ್ನುತ್ತದೆ 28ನೆಯ ವಿಧಿಯ ಮೂರನೆಯ ಖಂಡ. ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಅದೇ ವೇಳೆಗೆ ನೀತಿಪಾಠ ಎಂಬ ವ್ಯವಸ್ಥೆ ಈ ಆಶಯಕ್ಕೆ ಒಪ್ಪುವಂಥದ್ದು. ಒಬ್ಬರ ಹಬ್ಬದ ಬಗ್ಗೆ ತಿಳಿಯುವುದು ಬೇರೆ, ಒಬ್ಬರ ಪೂಜೆಯಲ್ಲಿ ಪಾಲ್ಗೊಳ್ಳುವುದು ಬೇರೆ. ಈ ಗೆರೆ ಶಿಕ್ಷಕರಿಗೂ ಪಾಲಕರಿಗೂ ಸ್ಪಷ್ಟವಾಗಿರಬೇಕು.

ಮಕ್ಕಳ ಮೊದಲ ಗುರುಗಳು ತಂದೆತಾಯಿಗಳೇ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಶಾಲೆ ಎಷ್ಟೇ ಚೆನ್ನಾಗಿ ಕಲಿಸಿದರೂ ರಾತ್ರಿ ಊಟಕ್ಕೆ ಮುಂಚೆ ಟೀವಿ ಆರಿಸಿ ಒಂದು ನಿಮಿಷ ಜೊತೆಗೆ ಕೂರುವವರು ಮನೆಯವರೇ. ಜಗಳವಾಡಿದ ತಮ್ಮನಿಗೆ ತಾನಾಗಿ ಹೋಗಿ 'ತಪ್ಪಾತು' ಎಂದ ಮಗು ತಪಸ್ಸುಕಾಲದ ಪಾಠವನ್ನು ಕಲಿತಿದೆ ಎಂದೇ ಅರ್ಥ. ಅದು ಉಂಡಿತೋ ಬಿಟ್ಟಿತೋ ಎಂಬುದು ಆಮೇಲಿನ ಮಾತು.