ಶಾಲೆ ಬಿಟ್ಟ ಮೇಲಿನ ಪಾಠ

ಸಂಜೆ ಶಾಲೆಯ ಗಂಟೆ ಬಾರಿಸಿತೆಂದರೆ ಮಕ್ಕಳ ಪಾಠ ಮುಗಿಯಿತೆಂದು ತಿಳಿಯುವ ಕಾಲ ಇದಲ್ಲ. ಸಂಗೀತ, ಭರತನಾಟ್ಯ, ಕರಾಟೆ, ಚದುರಂಗ—ಒಂದಲ್ಲ ಒಂದು ಕಾದೇ ಇರುತ್ತದೆ. ಇವುಗಳನ್ನು ತಂದೆತಾಯಿಗಳು ಹೇಗೆ ಆರಿಸಬೇಕು, ಆರಿಸಿದ ಮೇಲೆ ಅವರ ಪಾಲಿನ ಕೆಲಸವೇನು ಎಂಬುದನ್ನು ನನಗೆ ತುಸು ಪರಿಚಯವಿರುವ ಸಂಗೀತದಿಂದಲೇ ವಿವರಿಸುತ್ತೇನೆ.

ಕರ್ಣಾಟಕ ಸಂಗೀತದ ಮೊದಲ ಪಾಠ ಸರಳೆ ವರಸೆ. ಮಾಯಾಮಾಳವಗೌಳ ರಾಗದ ಸ್ವರಗಳನ್ನು ಆದಿತಾಳದಲ್ಲಿ, ಮೂರು ಕಾಲಗಳಲ್ಲಿ, ಮತ್ತೆ ಮತ್ತೆ ಹಾಡಬೇಕು. ಬಳಿಕ ಜಂಟಿ ವರಸೆ, ಸಪ್ತತಾಳಗಳ ಅಲಂಕಾರ. ಪುರಂದರದಾಸರ ಪಿಳ್ಳಾರಿ ಗೀತೆ ಬರುವುದು ಇಷ್ಟೆಲ್ಲ ಆದ ಮೇಲೆಯೇ. "ಹಾಡು ಯಾವಾಗ ಹೇಳಿಕೊಡುತ್ತೀರಿ ಮೇಷ್ಟ್ರೇ? ಗಣೇಶೋತ್ಸವ ಹತ್ತಿರ ಬಂತಲ್ಲ!" ಎಂದು ಮೂರನೆಯ ತಿಂಗಳಿಗೇ ಅವಸರಪಡಿಸುವ ತಂದೆಯರನ್ನು ನಾನು ಬಲ್ಲೆ. ಪಾಠ ವಾರಕ್ಕೆ ಎರಡು ದಿನ. ಕಂಠ ಪಳಗುವುದು ಉಳಿದ ದಿನಗಳ ಮನೆಯ ಸಾಧನೆಯಲ್ಲಿ. ಆ ಅರ್ಧ ಗಂಟೆ ಟೆಲಿವಿಷನ್ ನಿಲ್ಲಿಸಿ, ಮಗುವಿನ ಎದುರು ಕುಳಿತು ಅದೇ ಸರಳೆಯನ್ನು ಕೇಳುವುದು ಶುಲ್ಕ ಕೊಟ್ಟಷ್ಟು ಸುಲಭವಲ್ಲ. ಅನೇಕ ಮನೆಗಳಲ್ಲಿ ಶ್ರುತಿಪೆಟ್ಟಿಗೆ ಅಟ್ಟ ಸೇರುವುದು ಇಲ್ಲಿಯೇ.

ಆಯ್ಕೆಯ ಮಾತು ಇನ್ನೂ ಸೂಕ್ಷ್ಮವಾದುದು. ತಾವು ಕಲಿಯಲಾರದೆ ಹೋದುದನ್ನೋ ಪಕ್ಕದ ಮನೆಯ ಹುಡುಗಿ ಕಲಿಯುತ್ತಿರುವುದನ್ನೋ ಮಕ್ಕಳ ಕೊರಳಿಗೆ ಕಟ್ಟುವವರೇ ಹೆಚ್ಚು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ನಡತೆ ಇದಕ್ಕೆ ತೀರ ವಿರುದ್ಧವಾದುದು. ಅವರು ಕರ್ಣಾಟಕ ಸಂಗೀತದ ಗಾಯಕಿ. 1913ರಲ್ಲಿ ಹುಟ್ಟಿದ ಮಗಳ ಒಲವೋ ಹಿಂದೂಸ್ತಾನಿಯ ಕಡೆಗೆ. ಮಗಳ ಕಲಿಕೆಗಾಗಿ ಸಂಸಾರವು 1928ರಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಬಂದಿತು. ಅಷ್ಟೇ ಅಲ್ಲ, ತಮ್ಮ ಹಾಡಿನ ಛಾಯೆ ಮಗಳ ಹಾಡಿಗೆ ತಗಲಬಾರದೆಂದು ಆ ತಾಯಿ ತಾವು ಹಾಡುವುದನ್ನೇ ನಿಲ್ಲಿಸಿಬಿಟ್ಟರು. ಗಾಯಕಿಯೊಬ್ಬಳು ಸ್ವಂತ ಮನೆಯಲ್ಲಿ ಮೌನವಾಗಿರುವುದೆಂದರೇನೆಂದು ಹಾಡುವವರನ್ನೇ ಕೇಳಬೇಕು. ಇಂತಹ ತ್ಯಾಗವನ್ನು ಎಲ್ಲ ತಾಯಂದಿರಿಂದಲೂ ಬೇಡುವುದು ನ್ಯಾಯವೆಂದು ನಾನು ಹೇಳಲಾರೆ. ಆದರೆ ಮಗಳ ಕಿವಿ ಎತ್ತ ವಾಲುತ್ತಿದೆಯೆಂದು ಅವರು ಗಮನಿಸಿದ್ದರು. ಅದಕ್ಕೆ ಖರ್ಚು ತಗಲುವುದಿಲ್ಲ.

ಗದಗಿನ ಭೀಮಸೇನ ಜೋಶಿಯವರದು ಮತ್ತೊಂದು ಬಗೆ. ಅವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸುತ್ತ ಮನೆ ಬಿಟ್ಟು ಹೋದರು. ಕೊನೆಗೆ ತಂದೆಯೇ ಜಲಂಧರದಲ್ಲಿ ಮಗನನ್ನು ಕಂಡು ಊರಿಗೆ ಕರೆತಂದರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಪಾಠ ಆರಂಭವಾಯಿತು. ಗಂಗೂಬಾಯಿಯವರೂ ಅದೇ ಗುರುವಿನ ಶಿಷ್ಯೆ.