ಮಣೆ ಎಣಿಸುವವರು, ಮನಸ್ಸು ಅಳೆಯುವವರು

ಶ್ರಾವಣ ಮಾಸ ಕಾಲಿಟ್ಟಿತೆಂದರೆ ಕಾರವಾರ, ಅಂಕೋಲೆಗಳ ಸೀಮೆಯಲ್ಲಿ ಗಣಪತಿಯ ಮೂರ್ತಿ ಮಾಡುವವರ ಜಗಲಿಗೆ ಮಣೆಗಳು ಬಂದು ಸೇರತೊಡಗುತ್ತವೆ. ಚೌತಿಗೆ ದೇವರನ್ನು ಕೂರಿಸುವ ಮನೆಯವರು ತಮ್ಮ ಮಣೆಯನ್ನು ಮುಂಚಿತವಾಗಿ ತಂದೊಪ್ಪಿಸುವುದು ಆ ಕರಾವಳಿಯ ಹಳೆಯ ವಾಡಿಕೆ. ಮೂರ್ತಿ ಎಷ್ಟು ದೊಡ್ಡದಿರಬೇಕೆಂಬುದಕ್ಕೆ ಮಣೆಯೇ ಅಳತೆ. ಕೊಟ್ಟ ಮಾತಿಗೆ ಮಣೆಯೇ ಸಾಕ್ಷಿ. ಅಂಕೋಲಾ ತಾಲೂಕಿನ ಹಿಲ್ಲೂರಿನಂಥ ಊರಿನಲ್ಲಿ ಮಣೆ ಪಡೆದು ಮಣ್ಣು ಹದಮಾಡುವವನಿಗೆ 'ಈ ಸಲ ಎಷ್ಟು ಮಾರಾಟವಾದೀತು?' ಎಂಬ ಚಿಂತೆಯಿಲ್ಲ. ನಲವತ್ತು ಮಣೆ ಬಂದರೆ ನಲವತ್ತು ಮೂರ್ತಿ. ಹಬ್ಬ ಕಳೆದ ಮೇಲೆ ಕೊಳ್ಳುವವರಿಲ್ಲದೆ ಉಳಿದ ಮೂರ್ತಿಯನ್ನು ನೋಡಿ ನಿಟ್ಟುಸಿರು ಬಿಡುವ ಗತಿ ಅವನಿಗೆ ಬಾರದು.

ಇದೇ ಪ್ರಶ್ನೆಗೆ ಉತ್ತರ ಕಾಣದೆ ಕೋಟಿಗಟ್ಟಲೆ ಡಾಲರುಗಳ ವಹಿವಾಟು ನಡೆಸುವ ಅಮೆರಿಕದ ಆಟಿಕೆ ಕಂಪನಿಗಳು ಮತ್ತೆ ಮತ್ತೆ ಎಡವಿವೆಯೆಂದರೆ ಓದುಗರಿಗೆ ಸೋಜಿಗವೆನಿಸಬಹುದು. ಅವು ತಯಾರಿಸುವುದು ದೇವರನ್ನಲ್ಲ. ವೈಜ್ಞಾನಿಕ ಕಥೆಗಳ ವೀರರನ್ನು, ಯಂತ್ರಮಾನವರನ್ನು, ಅನ್ಯಗ್ರಹದ ವಿಚಿತ್ರ ಜೀವಿಗಳನ್ನು. ಕೈಕಾಲು ಆಡಿಸಬಹುದಾದ ಈ ಪುಟ್ಟ ಬೊಂಬೆಗಳಿಗೆ 'ಆ್ಯಕ್ಷನ್ ಫಿಗರ್' ಎಂಬ ಹೆಸರು ರೂಢಿಗೆ ಬಂದುದು 1964ರಲ್ಲಿ, ಹ್ಯಾಸ್‌ಬ್ರೋ ಕಂಪನಿ 'ಜಿ.ಐ. ಜೋ' ಎಂಬ ಸೈನಿಕನ ಬೊಂಬೆಯನ್ನು ಹೊರತಂದಾಗ.

ಖಾಲಿ ಪೆಟ್ಟಿಗೆಯ ಹಬ್ಬ

1977ರ ಮೇ 25ರಂದು 'ಸ್ಟಾರ್ ವಾರ್ಸ್' ಚಿತ್ರ ತೆರೆಕಂಡಿತು. ಅದರ ಬೊಂಬೆಗಳನ್ನು ಮಾಡುವ ಹಕ್ಕು ಮೊದಲು ಮೆಗೋ ಎಂಬ ಕಂಪನಿಯ ಬಾಗಿಲಿಗೆ ಬಂದಿತ್ತು, ಅದು ಬೇಡವೆಂದಿತು. ಒಹಾಯೋದ ಕೆನ್ನರ್ ಕಂಪನಿ ಆ ಹಕ್ಕನ್ನು ಪಡೆಯಿತು. ಆದರೆ ಚಿತ್ರಕ್ಕೆ ಜನ ಈ ಪರಿ ಮುಗಿಬೀಳುವರೆಂದು ಕೆನ್ನರ್ ಕೂಡ ಎಣಿಸಿರಲಿಲ್ಲ. ಪ್ಲಾಸ್ಟಿಕ್ ಬೊಂಬೆಯೊಂದು ಅಂಗಡಿಗೆ ಬರಬೇಕಾದರೆ ಮೊದಲು ಮಾದರಿ ಕೆತ್ತಬೇಕು. ಉಕ್ಕಿನ ಅಚ್ಚು ಕೊರೆಯಿಸಬೇಕು. ಆಮೇಲೆ ಎರಕ, ಬಣ್ಣ, ಪೆಟ್ಟಿಗೆ, ಹಡಗು. ಇದೆಲ್ಲ ತಿಂಗಳುಗಟ್ಟಲೆಯ ಕೆಲಸ. ಕ್ರಿಸ್‌ಮಸ್ ಬಂದೇಬಿಟ್ಟಿತು, ಬೊಂಬೆಗಳು ಸಿದ್ಧವಾಗಿರಲಿಲ್ಲ.

ಆಗ ಕೆನ್ನರ್ ಮಾರಿದ್ದು ಬೊಂಬೆಯಿಲ್ಲದ ರಟ್ಟಿನ ಪೊಟ್ಟಣವನ್ನು! ಅದರೊಳಗಿದ್ದ ಚೀಟಿಯನ್ನು ಅಂಚೆಗೆ ಹಾಕಿದರೆ ಮುಂದಿನ ವರ್ಷ ನಾಲ್ಕು ಬೊಂಬೆಗಳು ಮನೆಗೆ ಬರುವುವೆಂಬ ಭರವಸೆ. ತಂದೆತಾಯಿಗಳು ಕೊಟ್ಟ ಉಡುಗೊರೆಯನ್ನು ಬಿಚ್ಚಿದ ಮಕ್ಕಳಿಗೆ ಸಿಕ್ಕಿದ್ದು ಕಾಗದ. 1978ರ ಆರಂಭದಲ್ಲಿ ಬೊಂಬೆಗಳು ಬಂದವು. ಆ ವರ್ಷ ನಾಲ್ಕು ಕೋಟಿಯಷ್ಟು ಮಾರಾಟವಾದವೆಂದು ಉದ್ಯಮದ ಲೆಕ್ಕ ಹೇಳುತ್ತದೆ.

ಇದು ಹಿಂದಿನವರ ಅನನುಭವವೆಂದು ನಗುವಂತಿಲ್ಲ. 2019ರ ನವೆಂಬರಿನಲ್ಲಿ 'ದ ಮ್ಯಾಂಡಲೋರಿಯನ್' ಎಂಬ ದೂರದರ್ಶನ ಮಾಲಿಕೆಯಲ್ಲಿ ದೊಡ್ಡ ಕಿವಿಯ ಹಸಿರು ಕೂಸೊಂದು ಕಾಣಿಸಿಕೊಂಡಿತು. ಗುಟ್ಟು ರಟ್ಟಾಗಬಾರದೆಂದು ನಿರ್ಮಾಪಕರು ಅದರ ಬೊಂಬೆಗಳನ್ನು ಮುಂಚೆ ಮಾಡಿಸಿರಲಿಲ್ಲ. ಲೋಕವೆಲ್ಲ ಆ ಕೂಸಿಗೆ ಮರುಳಾಯಿತು. ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿ ಬೊಂಬೆಯಿಲ್ಲ. ನಲವತ್ತೆರಡು ವರ್ಷಗಳ ತರುವಾಯ ಅದೇ ಕಥೆ!

ತಪ್ಪಿಗೆ ಬೆಲೆ

ಮಕ್ಕಳ ಮನಸ್ಸನ್ನೇ ಅಳೆಯಲಾಗದವರು ಸಂಗ್ರಾಹಕರ ಮನಸ್ಸನ್ನು ಅಳೆದಾರೆ? ಸಂಗ್ರಾಹಕನಿಗೆ ಬೇಕಾದುದು ಚೆಲುವಲ್ಲ, ವಿರಳತೆ. ವಿರಳತೆಯಾದರೋ ಬಹುಮಟ್ಟಿಗೆ ಯಾರದೋ ತಪ್ಪಿನಿಂದ, ಯಾರದೋ ಅಂಜಿಕೆಯಿಂದ ಹುಟ್ಟಿದ್ದು. ಕೆನ್ನರ್ 'ಜಾವಾ' ಎಂಬ ಕುಳ್ಳ ಜೀವಿಗೆ ಮೊದಲು ಪ್ಲಾಸ್ಟಿಕ್ಕಿನ ಮೇಲುಹೊದಿಕೆ ತೊಡಿಸಿತ್ತು. ಅದು ಅಗ್ಗದ ವಸ್ತುವಿನಂತೆ ಕಂಡಿದ್ದರಿಂದ ಬಟ್ಟೆಯ ಹೊದಿಕೆಗೆ ಬದಲಾಯಿಸಿತು. ಅಂದು ಕೀಳೆನಿಸಿದ ಪ್ಲಾಸ್ಟಿಕ್ ಹೊದಿಕೆಯ ಜಾವಾನೇ ಇಂದು ದುರ್ಲಭ. 'ಬೋಬಾ ಫೆಟ್' ಎಂಬ ಬೊಂಬೆಯ ಬೆನ್ನಿನಿಂದ ಪುಟ್ಟ ರಾಕೆಟ್ಟು ಚಿಮ್ಮಬೇಕಾಗಿತ್ತು. ಅದು ಮಕ್ಕಳ ಗಂಟಲಿಗೆ ಸಿಕ್ಕೀತೆಂಬ ಭಯದಿಂದ 1979ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಮಾರಾಟಕ್ಕೇ ಬಾರದ ಆ ಮಾದರಿಗಳಲ್ಲೊಂದು 2024ರ ಹರಾಜಿನಲ್ಲಿ 5,25,000 ಡಾಲರಿಗೆ, ಎಂದರೆ ನಾಲ್ಕು ಕೋಟಿ ರೂಪಾಯಿಗೂ ಮಿಗಿಲಾದ ಬೆಲೆಗೆ, ಹೋಯಿತು.

ಇಂಥ ಉದಾಹರಣೆಗೆ ದೂರದೇಶವೇ ಬೇಕೆಂದಿಲ್ಲ. ಕಾರವಾರದಲ್ಲಿ ಕಾಳಿ ನದಿಯನ್ನು ದಾಟಿ ಮಾಜಾಳಿಯ ಗಡಿ ಕಳೆದರೆ ಗೋವೆ. ಎಂ.ಆರ್.ಎಫ್. ಮತ್ತು ಹ್ಯಾಸ್‌ಬ್ರೋ ಸೇರಿ 1987ರಲ್ಲಿ ಹುಟ್ಟುಹಾಕಿದ ಫನ್‌ಸ್ಕೂಲ್ ಕಂಪನಿಯ ಕಾರ್ಖಾನೆ ಅಲ್ಲಿಯೇ ತಲೆಯೆತ್ತಿತು. ಅಮೆರಿಕದ ಅಚ್ಚುಗಳಿಂದ ಅದು ಭಾರತದ ಮಕ್ಕಳಿಗಾಗಿ ಜಿ.ಐ. ಜೋ ಬೊಂಬೆಗಳನ್ನು ತಯಾರಿಸಿತು. ಒಂದೇ ವೀರನಿಗೆ ಒಂದು ಕಂತಿನಲ್ಲಿ ಒಂದು ಬಣ್ಣ, ಇನ್ನೊಂದು ಕಂತಿನಲ್ಲಿ ಇನ್ನೊಂದು. ಆಡುವ ಹುಡುಗರಿಗೆ ಅದರ ಪರಿವೆಯೇ ಇರಲಿಲ್ಲ. ಮುಂದೆ ಅಮೆರಿಕದ ಸಂಗ್ರಾಹಕರು ಆ ಬಣ್ಣದ ವ್ಯತ್ಯಾಸಗಳಿಗಾಗಿಯೇ ಭಾರತದ ಬೊಂಬೆಗಳನ್ನು ಹುಡುಕಿಕೊಂಡು ಬಂದರು. ಬಣ್ಣ ಬಳಿದವರಾರೂ ಇದನ್ನು ಊಹಿಸಿರಲಾರರು.

ಕೂಡಿಟ್ಟವರ ಪಾಡು

ಹಳೆಯ ಬೊಂಬೆಗಳು ಬೆಲೆಯೇರಿದ ಸುದ್ದಿ ಹರಡಿದ ಮೇಲೆ ಜನರಿಗೆ ಹೊಸ ಆಸೆ ಹುಟ್ಟಿತು. 1995ರಲ್ಲಿ ಸ್ಟಾರ್ ವಾರ್ಸ್ ಬೊಂಬೆಗಳು ಮರಳಿ ಬಂದಾಗ, 1999ರಲ್ಲಿ ಹೊಸ ಚಿತ್ರ ಬಂದಾಗ, ಪೆಟ್ಟಿಗೆ ಒಡೆಯದೆ ಕೂಡಿಟ್ಟವರು ಅನೇಕರು. ಮಗನ ಓದಿಗಾದೀತು, ಮುಪ್ಪಿಗಾದೀತು ಎಂಬ ಲೆಕ್ಕ. ಆದರೆ ಕಂಪನಿಯೂ ಬೇಡಿಕೆಯನ್ನು ಅತಿಯಾಗಿ ಊಹಿಸಿ ರಾಶಿರಾಶಿ ತಯಾರಿಸಿತ್ತು. ಎಲ್ಲರೂ ಜೋಪಾನ ಮಾಡಿದ ವಸ್ತು ಯಾರಿಗೂ ವಿರಳವಲ್ಲ. 1978ರ ಬೊಂಬೆಗಳಿಗೆ ಬೆಲೆ ಬಂದುದು ಮಕ್ಕಳು ಅವನ್ನು ಮಣ್ಣಿನಲ್ಲಿ ಆಡಿ, ಮುರಿದು, ಕಳೆದುದರಿಂದ. ಪೆಟ್ಟಿಗೆಗಳನ್ನು ಹರಿದು ಎಸೆದುದರಿಂದ. ಈ ಸರಳ ಸತ್ಯವನ್ನು ಮರೆತವರ ಅಟ್ಟದ ಮೇಲೆ ಇಂದಿಗೂ ಪೆಟ್ಟಿಗೆಗಳಿವೆ.

ಇಂದು ಬೆಂಗಳೂರಿನಲ್ಲೋ ಅಂಕೋಲೆಯಲ್ಲೋ ಮೊದಲ ಸಂಬಳ ಕೈಸೇರಿದ ತರುಣನೊಬ್ಬ ಒಂದೇ ಬೊಂಬೆಯನ್ನು ಎರಡೆರಡು ಕೊಳ್ಳುವ ಮುನ್ನ ಇದನ್ನು ನೆನೆಯುವುದು ಒಳಿತು. ನೋಡಿ ಸಂತೋಷಪಡಲು ಕೊಂಡ ಒಂದು ಬೊಂಬೆಯಿಂದ ನಷ್ಟವಿಲ್ಲ. ಮಾರಿ ಲಾಭ ಪಡೆಯಲು ಕೊಂಡ ಎರಡನೆಯದು ಜೂಜು.

ಕಂಪನಿಗಳಿಗೂ ಕೊನೆಗೆ ಬುದ್ಧಿ ಬಂದಂತಿದೆ. 2018ರಲ್ಲಿ ಹ್ಯಾಸ್‌ಬ್ರೋ ನಾಲ್ಕಡಿಯಷ್ಟು ಉದ್ದದ ನೌಕೆಯೊಂದರ ಚಿತ್ರವನ್ನು ತೋರಿಸಿ, 'ಐದು ಸಾವಿರ ಮಂದಿ ಒಪ್ಪಿದರೆ ಮಾತ್ರ ತಯಾರಿಸುತ್ತೇವೆ' ಎಂದಿತು. ಬೆಲೆ ಸುಮಾರು ಐನೂರು ಡಾಲರು. 8,810 ಮಂದಿ ಮುಂದೆ ಬಂದರು. 2021ರಲ್ಲಿ 'ರ್‍ಯಾಂಕರ್' ಎಂಬ ದೈತ್ಯ ಜೀವಿಗೆ ಒಂಬತ್ತು ಸಾವಿರ ಮಂದಿ ಬೇಕಾಗಿತ್ತು, ಅಷ್ಟು ಜನ ಸೇರಲಿಲ್ಲ, ರ್‍ಯಾಂಕರ್ ಹುಟ್ಟಲಿಲ್ಲ. ಹಾಗಾಗಿ ಮಾರಾಟವಾಗದ ಸರಕೂ ಉಳಿಯಲಿಲ್ಲ.

ಊಹೆಯನ್ನು ಬದಿಗಿಟ್ಟು ಮಾತನ್ನು ಎಣಿಸುವ ಈ ಉಪಾಯವನ್ನು ಆ ಉದ್ಯಮವು ಹೊಸ ಶೋಧವೆಂದು ಕೊಂಡಾಡಿತು. ಅತ್ತ ಕಾರವಾರದ ಕರಾವಳಿಯಲ್ಲಿ, ಮಳೆಯ ಜಿನುಗಿಗೆ ಮಣೆಯನ್ನು ಕಂಕುಳಲ್ಲಿ ಅವುಚಿಕೊಂಡು ಮೂರ್ತಿಕಾರನ ಜಗಲಿ ಹತ್ತುವ ಮುದುಕನಿಗೆ ಅದು ಹಳೆಯ ಸಂಗತಿ. ಅವನ ಅಜ್ಜನೂ ಹಾಗೆಯೇ ಬಂದು ಮಣೆ ಇಳಿಸಿ ಹೋಗಿದ್ದನು.